ಲೀನ್, ಮಾಯಟಿ, ಸಿಂಕಿಂಗ್ ಫಂಡ್: ಅಪರೂಪದ ಇಂಗ್ಲಿಷ್ ಪದಗಳ ಬಗ್ಗೆ ಓದುಗರ ಪ್ರಶ್ನೆಗಳು

ಈ ತಿಂಗಳು ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ಜಾತಿಯವು. ನಿಘಂಟಿನಲ್ಲಿ ಅರ್ಥ ನೋಡಿದ್ದೇವೆ, ಆದರೂ ಕಾಗದದಲ್ಲಿ ಬರೆದಿರುವುದು ತಲೆಗೆ ಹೋಗುತ್ತಿಲ್ಲ ಎನ್ನುತ್ತಾರೆ. ಅಂಥ ಪ್ರಶ್ನೆಗಳನ್ನೇ ಮೊದಲು ತೆಗೆದುಕೊಂಡಿದ್ದೇವೆ. ಪದ ಯಾವ ಕಾಗದದಲ್ಲಿ ಸಿಕ್ಕಿತು, ಅದರ ಹಿಂದೆ ಮುಂದೆ ಏನಿದೆ ಎಂದು ಬರೆದವರಿಗೆ ಖಚಿತ ಉತ್ತರ ಕೊಡಲು ಸಾಧ್ಯವಾಗಿದೆ. ಬರೀ ಪದವೊಂದನ್ನೇ ಕಳಿಸಿದವರು ದಯವಿಟ್ಟು ಪೂರ್ತಿ ವಾಕ್ಯ ಬರೆದು ಕಳಿಸಿ.

ಪ್ರಶ್ನೆ: ನಮ್ಮ ಸೊಸೈಟಿಯ ವಾರ್ಷಿಕ ಸಭೆಯ ನೋಟೀಸಿನಲ್ಲಿ ‘ಡೀಮ್ಡ್ ಕನ್ವೇಯನ್ಸ್‌ಗೆ ಅರ್ಜಿ ಹಾಕುವ ವಿಷಯ’ ಎಂದಿದೆ. ಆಫೀಸಿನಲ್ಲಿ ಕನ್ವೇಯನ್ಸ್ ಎಂದರೆ ಓಡಾಟದ ಭತ್ಯೆ. ಇಲ್ಲಿ ಏನು? ಇನ್ನು ಮೇಂಟೆನೆನ್ಸ್ ಬಿಲ್ಲಿನಲ್ಲಿ ಪ್ರತಿ ಸಲ ‘ಸಿಂಕಿಂಗ್ ಫಂಡ್’ ಎಂದು ಹಣ ಹಾಕುತ್ತಾರೆ. ಮುಳುಗುವುದು ಏನು?
(ಡೊಂಬಿವಲಿ ಪೂರ್ವದ ಓದುಗರು)

ಉತ್ತರ: ಎರಡೂ ಕನ್ವೇಯನ್ಸ್‌ಗಳ ಬೇರು ಒಂದೇ. ‘ಕನ್ವೇ’ ಎಂದರೆ ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವುದು. ಆಫೀಸಿನದು ನಿಮ್ಮನ್ನು ಒಯ್ಯುತ್ತದೆ, ಕಾನೂನಿನದು ಆಸ್ತಿಯ ಒಡೆತನವನ್ನು ಒಬ್ಬರಿಂದ ಇನ್ನೊಬ್ಬರಿಗೆ ಒಯ್ಯುತ್ತದೆ. ಅಗ್ರಿಮೆಂಟಿನಿಂದ ನಿಮ್ಮ ಫ್ಲಾಟೇನೋ ನಿಮ್ಮದಾಯಿತು. ಆದರೆ ಕಟ್ಟಡ ನಿಂತಿರುವ ಜಮೀನು ಬಿಲ್ಡರನ ಇಲ್ಲವೇ ಮೂಲ ಜಮೀನುದಾರನ ಹೆಸರಿನಲ್ಲೇ ಉಳಿದಿರುತ್ತದೆ. ಅದನ್ನು ಸೊಸೈಟಿಯ ಹೆಸರಿಗೆ ಮಾಡಿಕೊಡುವ ಪತ್ರವೇ ಕನ್ವೇಯನ್ಸ್ ಡೀಡ್. ಜನ ‘ಮೋಫಾ’ ಎಂದು ಕರೆಯುವ 1963ರ ಮಹಾರಾಷ್ಟ್ರ ಓನರ್‌ಶಿಪ್ ಫ್ಲಾಟ್ಸ್ ಕಾಯ್ದೆಯ 11ನೇ ಕಲಮಿನ ಪ್ರಕಾರ ಇದು ಬಿಲ್ಡರನ ಹೊಣೆ. ಅಗ್ರಿಮೆಂಟಿನಲ್ಲಿ ಬೇರೆ ಅವಧಿ ಹೇಳಿಲ್ಲದಿದ್ದರೆ ಸೊಸೈಟಿ ರಿಜಿಸ್ಟರ್ ಆದ 4 ತಿಂಗಳೊಳಗೆ ಅವನು ಮಾಡಿಕೊಡಬೇಕು.

ಎಷ್ಟೋ ಬಿಲ್ಡರುಗಳು ಮಾಡಿಕೊಡುವುದಿಲ್ಲ. ಅದಕ್ಕಾಗಿಯೇ 2008ರ ತಿದ್ದುಪಡಿಯಲ್ಲಿ ‘ಡೀಮ್ಡ್’ ಎಂಬ ಪದ ಬಂತು. ‘ಡೀಮ್’ ಎಂದರೆ ಹಾಗೆಂದೇ ಪರಿಗಣಿಸುವುದು. ಹಳೆಯ ಇಂಗ್ಲಿಷಿನಲ್ಲಿ ಇದಕ್ಕೆ ತೀರ್ಪು ಕೊಡುವುದು ಎಂಬ ಅರ್ಥವಿತ್ತು, ‘ಡೂಮ್’ ಎಂಬ ಪದವೂ ಅದೇ ಬೇರಿನದು. ಅಂದರೆ ಬಿಲ್ಡರ್ ಸಹಿ ಹಾಕದಿದ್ದರೂ ಹಾಕಿದಂತೆಯೇ ಎಂದು ಕಾನೂನು ಹೇಳುತ್ತದೆ. ‘ಡೀಮ್ಡ್ ಯೂನಿವರ್ಸಿಟಿ’ ಎನ್ನುವಾಗಲೂ ಇದೇ ಅರ್ಥ.

ಕ್ರಮ ಹೀಗಿದೆ. ಸಾಮಾನ್ಯ ಸಭೆಯಲ್ಲಿ ಠರಾವು ಆಗಬೇಕು. ಆಮೇಲೆ ಸಹಕಾರ ಖಾತೆಯ ಜಿಲ್ಲಾ ಉಪನಿಬಂಧಕರಿಗೆ 7ನೇ ನಮೂನೆಯಲ್ಲಿ ಅರ್ಜಿ ಹಾಕಬೇಕು. ಅವರು ಬಿಲ್ಡರನನ್ನೂ ಜಮೀನುದಾರನನ್ನೂ ಕರೆಸಿ ಕೇಳಿ, ಆದೇಶದ ಜೊತೆ ಒಂದು ಪ್ರಮಾಣಪತ್ರ ಕೊಡುತ್ತಾರೆ. ಇಲ್ಲೇ ಸೊಸೈಟಿಗಳು ಎಡವುವುದು. ಪ್ರಮಾಣಪತ್ರ ಕೈಗೆ ಬಂತು, ಕೆಲಸ ಮುಗಿಯಿತು ಎಂದು ಅದನ್ನು ಕಪಾಟಿಗೆ ಸೇರಿಸಿಬಿಡುತ್ತಾರೆ. ಅದರ ಆಧಾರದ ಮೇಲೆ ಡೀಡ್ ಬರೆಸಿ, ಸ್ಟಾಂಪ್ ಡ್ಯೂಟಿ ಎಷ್ಟೆಂದು ನಿರ್ಧರಿಸಿಕೊಂಡು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ, ಪ್ರಾಪರ್ಟಿ ಕಾರ್ಡಿನಲ್ಲಿ ಅಥವಾ ಸಾತ್‌ಬಾರಾ ಎಂಬ ಜಮೀನಿನ ಪಹಣಿಯಲ್ಲಿ ಸೊಸೈಟಿಯ ಹೆಸರು ಏರಿಸಬೇಕು. ಹೆಸರು ಏರುವ ತನಕ ರೀಡೆವಲಪ್‌ಮೆಂಟಿನ ಮಾತುಕತೆಯಲ್ಲಿ ನಿಮ್ಮ ಕೈ ಮೇಲಾಗುವುದಿಲ್ಲ.

ಸಿಂಕಿಂಗ್ ಫಂಡಿನಲ್ಲಿ ಮುಳುಗುವುದು ನಿಮ್ಮ ಹಣವಲ್ಲ. 18ನೇ ಶತಮಾನದ ಬ್ರಿಟನ್ನಿನಲ್ಲಿ ಸರ್ಕಾರದ ಸಾಲವನ್ನು ಇಳಿಸಲು ಎತ್ತಿಟ್ಟ ನಿಧಿಗೆ ಈ ಹೆಸರು ಬಂತು. ‘ಸಿಂಕ್’ ಎಂದರೆ ಅಲ್ಲಿ ಸಾಲವನ್ನು ತಗ್ಗಿಸುವುದು, ತೀರಿಸುವುದು. ಈಗ ಮುಂದೆ ಬರಲಿರುವ ದೊಡ್ಡ ಖರ್ಚಿಗೆ ಇಂದೇ ಕೂಡಿಡುವ ನಿಧಿ ಎಂಬ ಅರ್ಥ ನೆಲೆಯಾಗಿದೆ. ಮಹಾರಾಷ್ಟ್ರದ ಮಾದರಿ ಉಪವಿಧಿಗಳ ಪ್ರಕಾರ, ಜಮೀನಿನ ಬೆಲೆ ಬಿಟ್ಟು, ಫ್ಲಾಟಿನ ನಿರ್ಮಾಣ ವೆಚ್ಚದ ಕನಿಷ್ಠ ಶೇ. 0.25ರಷ್ಟನ್ನು ವರ್ಷಕ್ಕೆ ಇದಕ್ಕೆ ಹಾಕಬೇಕು. ಬಣ್ಣ ಬಳಿಯಲು, ಪಂಪು ರಿಪೇರಿಗೆ ಈ ಹಣ ಮುಟ್ಟುವಂತಿಲ್ಲ. ಅದಕ್ಕೆ ಬೇರೆ ರಿಪೇರಿ ಫಂಡ್ ಇರುತ್ತದೆ. ಬಿಲ್ಲಿನಲ್ಲಿ ಎರಡೂ ಬೇರೆ ಬೇರೆ ಸಾಲಿನಲ್ಲಿವೆಯೇ ನೋಡಿಕೊಳ್ಳಿ.

ಪ್ರಶ್ನೆ: ಬ್ಯಾಂಕಿನಿಂದ ‘ಲೀನ್ ಮಾರ್ಕ್ಡ್’ ಎಂದು ಮೆಸೇಜ್ ಬಂದಿದೆ. ಖಾತೆಯಲ್ಲಿ ಹಣ ತೋರಿಸುತ್ತದೆ, ತೆಗೆಯಲು ಬರುವುದಿಲ್ಲ. ಮಗ ಇದನ್ನು ‘ಲೈನ್’ ಎಂದು ಓದುತ್ತಾನೆ. ಯಾವುದು ಸರಿ?
(ಚೆಂಬೂರಿನ ನಿವೃತ್ತ ಶಿಕ್ಷಕಿ)

ಉತ್ತರ: ‘ಲೀನ್’ ಅಥವಾ ‘ಲೀಅನ್’, ಎರಡೂ ಸರಿ. ‘ಲೈನ್’ ತಪ್ಪು. ಇದು ಫ್ರೆಂಚಿನಿಂದ ಬಂದದ್ದು, ಮೂಲದಲ್ಲಿ ಕಟ್ಟು, ಬಂಧ ಎಂದರ್ಥ. ನಿಮ್ಮ ವಸ್ತು ನಿಮ್ಮದೇ, ಆದರೆ ನಿಮ್ಮಿಂದ ಬರಬೇಕಾದ ಬಾಕಿ ತೀರುವ ತನಕ ಅದನ್ನು ತಡೆದಿಟ್ಟುಕೊಳ್ಳುವ ಹಕ್ಕು ಇನ್ನೊಬ್ಬರಿಗಿದೆ ಎಂಬುದು ಲೀನ್‌ನ ತಿರುಳು. 1872ರ ಭಾರತೀಯ ಕರಾರು ಕಾಯ್ದೆ 170ನೇ ಕಲಮಿನಲ್ಲಿ ಇದಕ್ಕೆ ಎರಡು ಚೆಂದದ ಉದಾಹರಣೆ ಕೊಡುತ್ತದೆ. ಒರಟು ವಜ್ರವನ್ನು ಕತ್ತರಿಸಿ ಹೊಳಪು ಕೊಟ್ಟ ಕುಶಲಿ, ತನ್ನ ಮಜೂರಿ ಸಿಗುವ ತನಕ ವಜ್ರ ಇಟ್ಟುಕೊಳ್ಳಬಹುದು. ಕೋಟು ಹೊಲಿಯಲು ಬಟ್ಟೆ ಪಡೆದ ದರ್ಜಿ ಮಾತ್ರ, ಮೂರು ತಿಂಗಳು ಉದ್ದರಿ ಕೊಡುತ್ತೇನೆ ಎಂದು ತಾನೇ ಒಪ್ಪಿದ್ದರೆ, ಕೋಟನ್ನು ತಡೆಹಿಡಿಯುವಂತಿಲ್ಲ. ಬ್ಯಾಂಕುಗಳ ಹಕ್ಕು ಇದಕ್ಕಿಂತ ವಿಶಾಲ, ಅದು 171ನೇ ಕಲಮಿನಲ್ಲಿದೆ.

ಬ್ಯಾಂಕ್ ಖಾತೆಯಲ್ಲಿ ಲೀನ್ ಬೀಳುವ ಕಾರಣಗಳು ಹಲವು. ಐಪಿಒ ಷೇರಿಗೆ ಅರ್ಜಿ ಹಾಕಿದ್ದರೆ ಆ ಮೊತ್ತ ಖಾತೆಯಲ್ಲೇ ಉಳಿದು ತಡೆಹಿಡಿಯಲ್ಪಡುತ್ತದೆ. ಷೇರು ಸಿಗದಿದ್ದರೆ ಲೀನ್ ತಾನಾಗಿ ಬಿಡುಗಡೆಯಾಗುತ್ತದೆ. ಫಿಕ್ಸೆಡ್ ಡಿಪಾಸಿಟ್ ಮೇಲೆ ಸಾಲ ತೆಗೆದಿದ್ದರೆ ಆ ಡಿಪಾಸಿಟ್ ಮೇಲೆ ಬೀಳುತ್ತದೆ. ಕಂತು ಬಾಕಿ ಇರಬಹುದು. ಸೈಬರ್ ವಂಚನೆಯ ಹಣ ಯಾವುದೋ ದಾರಿಯಲ್ಲಿ ನಿಮ್ಮ ಖಾತೆಗೂ ಬಂದು ಹೋಗಿದ್ದರೆ ಪೊಲೀಸರ ಸೂಚನೆಯ ಮೇರೆಗೂ ಹಾಕುತ್ತಾರೆ. ನೆಟ್ ಬ್ಯಾಂಕಿಂಗಿನಲ್ಲಿ ಒಟ್ಟು ಬ್ಯಾಲೆನ್ಸ್ ಮತ್ತು ‘ಅವೈಲೇಬಲ್’ ಬ್ಯಾಲೆನ್ಸ್ ಎರಡನ್ನೂ ನೋಡಿ. ಎರಡರ ನಡುವಿನ ವ್ಯತ್ಯಾಸವೇ ಲೀನ್‌ನ ಮೊತ್ತ. ಆ ಅಂಕಿ ಹಿಡಿದು ಶಾಖೆಗೆ ಹೋಗಿ, ಕಾರಣ ಮತ್ತು ಉಲ್ಲೇಖ ಸಂಖ್ಯೆಯನ್ನು ಬರಹದಲ್ಲೇ ಕೇಳಿ. ಬಾಯಿಮಾತಿನ ಉತ್ತರ ತೆಗೆದುಕೊಂಡು ಬಂದರೆ ಮುಂದೆ ಏನೂ ಮಾಡಲಾಗುವುದಿಲ್ಲ.

ಸರ್ಕಾರಿ ನೌಕರರಿಗೆ ಈ ಪದ ಬೇರೆ ರೂಪದಲ್ಲಿ ಗೊತ್ತಿರುತ್ತದೆ. ಡೆಪ್ಯುಟೇಶನ್ ಮೇಲೆ ಬೇರೆ ಇಲಾಖೆಗೆ ಹೋದವರಿಗೆ ತಮ್ಮ ಮೂಲ ಹುದ್ದೆಯ ಮೇಲೆ ‘ಲೀನ್’ ಉಳಿದಿರುತ್ತದೆ, ಅಂದರೆ ಮರಳಿ ಬರುವ ಹಕ್ಕು. ಕಟ್ಟು ಎಂಬ ಮೂಲಾರ್ಥ ಇಟ್ಟುಕೊಂಡರೆ ಎರಡೂ ಒಂದೇ.

ಪ್ರಶ್ನೆ: ಇಲ್ಲಿ ಒಂದು ಹಳೆಯ ಮನೆ ಕೊಳ್ಳುವ ಮಾತು ನಡೆದಿದೆ. ಕರಡು ಪತ್ರದಲ್ಲಿ ಮಾರುವ ವಿಧವೆ ತಾಯಿಯನ್ನು ‘ಮಾಯಟಿ ಹೋಲ್ಡರ್’ ಎಂದೂ ಮಕ್ಕಳನ್ನು ‘ಏರ್ಸ್’ ಎಂದೂ ಬರೆದಿದ್ದಾರೆ. ತಾಯಿ ವಾರಸುದಾರಳಲ್ಲವೇ? ಇನ್ನೊಂದು ಮನೆಯ ಪತ್ರದಲ್ಲಿ ‘ಯೂಜುಫ್ರಕ್ಟ್’ ಎಂದಿತ್ತು.
(ಫೋಂಡಾ, ಗೋವಾ)

ಉತ್ತರ: ಎರಡೂ ಪದಗಳು ಮುಂಬಯಿಯ ಮನೆಪತ್ರಗಳಲ್ಲಿ ಕಾಣುವುದು ಅಪರೂಪ, ಗೋವಾದಲ್ಲಿ ನಿತ್ಯ ಬಳಕೆ. ಅಲ್ಲಿ 1867ರ ಪೋರ್ಚುಗೀಸ್ ಸಿವಿಲ್ ಕೋಡಿನ ಕೌಟುಂಬಿಕ ನಿಯಮಗಳು ಈಗಲೂ ಜೀವಂತ. ಉತ್ತರಾಧಿಕಾರದ ಭಾಗ 2012ರ ಗೋವಾ ಕಾಯ್ದೆಗೆ ಬಂದಿದೆ.

‘ಮಾಯಟಿ’ ಎಂದರೆ ಸರಿಯಾಗಿ ಅರ್ಧ. ಹಳೆಯ ಫ್ರೆಂಚಿನ ಮೂಲಕ ಲ್ಯಾಟಿನ್ನಿನಿಂದ ಬಂದ ಪದ. ಬೇರೆ ಕರಾರು ಮಾಡಿಕೊಳ್ಳದೆ ಗೋವಾದ ಕಾನೂನಿನಡಿ ಮದುವೆಯಾದ ದಂಪತಿಗಳ ಆಸ್ತಿ ಇಬ್ಬರದೂ ಸೇರಿ ಒಂದಾಗುತ್ತದೆ, ಅದರಲ್ಲಿ ಅರ್ಧರ್ಧ ಒಬ್ಬೊಬ್ಬರದು. ಗಂಡ ತೀರಿಕೊಂಡಾಗ ಹೆಂಡತಿಯ ಅರ್ಧ ಅವಳಿಗೆ ವಾರಸಾಗಿ ಬರುವುದಿಲ್ಲ. ಅದು ಮೊದಲಿನಿಂದಲೂ ಅವಳದೇ. ಹಂಚಿಕೆಯಾಗುವುದು ಗಂಡನ ಅರ್ಧ ಮಾತ್ರ, ಅದು ಮಕ್ಕಳಿಗೆ ಹೋಗುತ್ತದೆ. ಮನೆ 60 ಲಕ್ಷದ್ದು, ಇಬ್ಬರು ಮಕ್ಕಳು, ಉಯಿಲು ಇಲ್ಲ ಎಂದಿಟ್ಟುಕೊಳ್ಳಿ. ತಾಯಿಯದು 30 ಲಕ್ಷ, ಮಕ್ಕಳದು ತಲಾ 15. ತಾಯಿಯನ್ನು ‘ಏರ್’ ಎಂದು ಬರೆದರೆ ಲೆಕ್ಕವೇ ತಪ್ಪುತ್ತದೆ. ಆದ್ದರಿಂದ ನಿಮ್ಮ ಕರಡು ಸರಿಯಾಗಿದೆ.

ಇನ್ನು ಕೊಳ್ಳುವವರು ಮೋಸ ಹೋಗುವ ಜಾಗ. ಮಕ್ಕಳಿಗೆ ಮದುವೆಯಾಗಿದ್ದರೆ ಅವರ ಪಾಲಿಗೂ ಅದೇ ಅರ್ಧರ್ಧದ ನಿಯಮ ಅಂಟಿಕೊಳ್ಳುತ್ತದೆ. ಹಾಗಾಗಿ ಸೊಸೆ, ಅಳಿಯಂದಿರ ಸಹಿಯೂ ಬೇಕು. ಒಬ್ಬ ಅಳಿಯ ದುಬೈಯಲ್ಲಿದ್ದಾನೆ, ಆಮೇಲೆ ಹಾಕಿಸಿಕೊಡುತ್ತೇವೆ ಎಂದರೆ ಹಣ ಕೊಡಬೇಡಿ. ವಾರಸುದಾರರು ಇವರೇ, ಇಷ್ಟೇ ಎಂದು ಹೇಳುವ ‘ಡೀಡ್ ಆಫ್ ಸಕ್ಸೆಷನ್’ ಅಥವಾ ಇನ್ವೆಂಟರಿ ಪ್ರೊಸೀಡಿಂಗಿನ (ಕೋರ್ಟಿನಲ್ಲಿ ನಡೆಯುವ ಆಸ್ತಿ ಹಂಚಿಕೆಯ ಪ್ರಕ್ರಿಯೆ) ಆದೇಶವನ್ನು ಕೇಳಿ ಪಡೆಯಿರಿ. ಅದರಲ್ಲಿರುವ ಹೆಸರುಗಳನ್ನೂ ಮಾರಾಟಪತ್ರದಲ್ಲಿರುವ ಹೆಸರುಗಳನ್ನೂ ಒಂದೊಂದಾಗಿ ತಾಳೆ ನೋಡಿ.

‘ಯೂಜುಫ್ರಕ್ಟ್’ ಎಂಬುದರಲ್ಲಿ ಎರಡು ಲ್ಯಾಟಿನ್ ಪದಗಳಿವೆ, ಬಳಕೆ ಮತ್ತು ಫಲ. ಆಸ್ತಿಯಲ್ಲಿ ವಾಸ ಮಾಡುವ, ಅದರ ತೆಂಗು ಗೇರು ಬಾಡಿಗೆಗಳನ್ನು ಅನುಭವಿಸುವ ಹಕ್ಕು ಒಬ್ಬರದು, ಒಡೆತನ ಇನ್ನೊಬ್ಬರದು. ತಂದೆತಾಯಿ ಮನೆಯನ್ನು ಮಗನಿಗೆ ದಾನಪತ್ರ ಮಾಡಿಕೊಟ್ಟು, ಬದುಕಿರುವ ತನಕ ಯೂಜುಫ್ರಕ್ಟ್ ತಮ್ಮಲ್ಲೇ ಉಳಿಸಿಕೊಳ್ಳುವುದು ಸಾಮಾನ್ಯ. ಮಗನಿಂದ ಕೊಂಡರೆ ನಿಮಗೆ ಸಿಗುವುದು ಬರಿಯ ಒಡೆತನ, ಬೀಗದ ಕೈಯಲ್ಲ. ಕನ್ನಡದಲ್ಲಿ ‘ಭೋಗ್ಯಕ್ಕೆ ಹಾಕುವುದು’ ಎನ್ನುತ್ತೇವಲ್ಲ, 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲಿ ಅದಕ್ಕೆ ಹತ್ತಿರದ ಅಡಮಾನದ ಹೆಸರು ‘ಯೂಜುಫ್ರಕ್ಚುವರಿ ಮಾರ್ಟ್‌ಗೇಜ್’. ‘ಭೋಗ’ ಎಂಬ ನಮ್ಮ ಪದ ಆ ಲ್ಯಾಟಿನ್ ಜೋಡಿಯನ್ನು ಒಂದೇ ಉಸಿರಿನಲ್ಲಿ ಹೇಳುತ್ತದೆ.

ಪ್ರಶ್ನೆ: ಅತ್ತೆಯವರ ಸ್ಕ್ಯಾನ್ ರಿಪೋರ್ಟಿನಲ್ಲಿ ಲಿವರ್ ‘ಅನ್‌ರಿಮಾರ್ಕಬಲ್’, ಕಿಡ್ನಿ ‘ಗ್ರಾಸ್‌ಲಿ ನಾರ್ಮಲ್’ ಎಂದಿದೆ. ಓದಿ ಗಾಬರಿಯಾಯಿತು. ಇನ್ನೊಂದು ಕಡೆ ‘ಇಡಿಯೋಪಥಿಕ್’ ಎಂದಿದೆ.
(ಮುಲುಂಡಿನ ಗೃಹಿಣಿ)

ಉತ್ತರ: ಗಾಬರಿ ಬೇಡ. ‘ಅನ್‌ರಿಮಾರ್ಕಬಲ್’ ಎಂದರೆ ವಿಶೇಷವಾಗಿ ಹೇಳುವಂಥದ್ದು ಏನೂ ಕಾಣಲಿಲ್ಲ. ರಿಪೋರ್ಟಿನಲ್ಲಿ ಕಾಣಬೇಕಾದ ಅತಿ ಒಳ್ಳೆಯ ಪದಗಳಲ್ಲಿ ಇದೊಂದು. ‘ಗ್ರಾಸ್‌ಲಿ’ ಎಂಬುದು ಆಡುಮಾತಿನಲ್ಲಿ ‘ತೀರಾ’ ಎಂಬ ಕೆಟ್ಟ ಅರ್ಥ ಕೊಡುತ್ತದೆ. ವೈದ್ಯರ ಬರವಣಿಗೆಯಲ್ಲಿ ಅದು ‘ಸ್ಥೂಲವಾಗಿ ನೋಡಿದಾಗ’ ಎಂದು. ‘ಇಡಿಯೋಪಥಿಕ್’ ಎಂದರೆ ಕಾರಣ ತಿಳಿಯದ ಕಾಯಿಲೆ. ಇದರ ಪಕ್ಕದಲ್ಲೇ ನಿಲ್ಲುವ, ಹೆಚ್ಚು ಕಾಣದ ಪದ ‘ಅಯಾಟ್ರೊಜೆನಿಕ್’, ಚಿಕಿತ್ಸೆಯಿಂದಲೇ ಉಂಟಾದ ತೊಂದರೆ. ಗ್ರೀಕಿನಲ್ಲಿ ‘ಇಯಾಟ್ರೋಸ್’ ಎಂದರೆ ವೈದ್ಯ.

ಪದದ ಬಾಲ ಗೊತ್ತಿದ್ದರೆ ಅರ್ಧ ರಿಪೋರ್ಟು ಬಿಡಿಸಿಕೊಳ್ಳಬಹುದು. ‘ಐಟಿಸ್’ ಎಂದರೆ ಉರಿಯೂತ. ‘ಎಕ್ಟಮಿ’ ಕತ್ತರಿಸಿ ತೆಗೆಯುವುದು, ‘ಆಟಮಿ’ ಕೊಯ್ದು ತೆರೆಯುವುದು, ‘ಆಸ್ಟಮಿ’ ಹೊರಕ್ಕೆ ಒಂದು ಬಾಯಿ ಮಾಡುವುದು. ‘ಈಮಿಯ’ ಬಂದರೆ ರಕ್ತದ ವಿಷಯ, ‘ಯೂರಿಯ’ ಬಂದರೆ ಮೂತ್ರದ ವಿಷಯ. ಜನ ಹೆಚ್ಚು ಬೆರೆಸಿಬಿಡುವುದು ಕತ್ತು, ಬೆನ್ನು ನೋವಿನ ಪದಗಳನ್ನು. ‘ಸ್ಪಾಂಡಿಲೋಸಿಸ್’ ವಯಸ್ಸಿನೊಂದಿಗೆ ಬರುವ ಸವೆತ, ‘ಸ್ಪಾಂಡಿಲೈಟಿಸ್’ ಉರಿಯೂತ, ‘ಸ್ಪಾಂಡಿಲೋಲಿಸ್ತೀಸಿಸ್’ ಒಂದು ಕಶೇರುಮಣಿ ಇನ್ನೊಂದರ ಮೇಲಿಂದ ಜಾರಿರುವುದು. ಮೂರಕ್ಕೂ ಚಿಕಿತ್ಸೆ ಬೇರೆ. ಇನ್ನೊಬ್ಬ ಡಾಕ್ಟರಿಗೆ ಹೇಳುವಾಗ ನೆನಪಿನಿಂದ ಹೇಳದೆ ಕಾಗದವನ್ನೇ ತೋರಿಸಿ.

ಇನ್ನೊಂದು ಜೋಡಿ ಪದದಲ್ಲಿ ಎಡವಟ್ಟಾದರೆ ಜೀವಕ್ಕೇ ಅಪಾಯ. ‘ಹೈಪರ್’ ಎಂದರೆ ಹೆಚ್ಚು, ‘ಹೈಪೋ’ ಎಂದರೆ ಕಡಿಮೆ. ಫೋನಿನಲ್ಲಿ ಎರಡೂ ಒಂದೇ ಥರ ಕೇಳಿಸುತ್ತವೆ. ಹೈಪೋಗ್ಲೈಸೀಮಿಯ ಎಂದರೆ ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಮಿಗಿಂತ ಕೆಳಗೆ ಇಳಿದಿರುವುದು. ಎಚ್ಚರದಲ್ಲಿದ್ದು ನುಂಗಬಲ್ಲವರಾದರೆ ತಕ್ಷಣ 15 ಗ್ರಾಂನಷ್ಟು ಸಕ್ಕರೆ ಅಥವಾ ಗ್ಲೂಕೋಸ್ ಕೊಟ್ಟು 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಹೈಪರ್ ಆಗಿದ್ದರೆ ಸಕ್ಕರೆ ಕೊಡಬಾರದು. ಆದ್ದರಿಂದ ಫೋನಿನಲ್ಲಿ ಪದ ಬಿಟ್ಟುಬಿಡಿ. ‘ಶುಗರ್ 60 ಇದೆ, ಕಡಿಮೆಯಾಗಿದೆ’ ಎಂದು ಅಂಕಿ ಸಮೇತ ಹೇಳಿ.

ಪ್ರಶ್ನೆ: ಏಳನೆಯ ತರಗತಿಯ ಮಗಳು ಸ್ಪೆಲ್ಲಿಂಗ್ ಸ್ಪರ್ಧೆಗೆ ತಯಾರಾಗುತ್ತಿದ್ದಾಳೆ. ಅತಿ ಉದ್ದದ ಪದಗಳ ಪಟ್ಟಿ ಕೊಟ್ಟಿದ್ದಾರೆ. ಬಾಯಿಪಾಠ ಮಾಡಿಸಬೇಕೇ?
(ನಿಗಡಿ, ಪುಣೆ)

ಉತ್ತರ: ಬಾಯಿಪಾಠ ಮಾಡಿಸಿದರೆ ಒಂದು ವಾರ ನಿಲ್ಲುತ್ತದೆ. ಬಿಡಿಸಿ ಕಲಿಸಿದರೆ ಉಳಿಯುತ್ತದೆ. ಪಟ್ಟಿಯ ಮೊದಲಿಗೆ ಇರುವ 45 ಅಕ್ಷರದ ಪದವನ್ನೇ ತೆಗೆದುಕೊಳ್ಳಿ: ನ್ಯೂಮೋನೋ (ಶ್ವಾಸಕೋಶ) – ಅಲ್ಟ್ರಾ (ಅತಿ) – ಮೈಕ್ರೋಸ್ಕೋಪಿಕ್ (ಸೂಕ್ಷ್ಮ) – ಸಿಲಿಕೋ (ಸಿಲಿಕಾ) – ವೋಲ್ಕೆನೋ (ಜ್ವಾಲಾಮುಖಿ) – ಕೋನಿ (ಧೂಳು) – ಓಸಿಸ್ (ರೋಗಸ್ಥಿತಿ). ಅಕ್ಷರಗಳ ಲೆಕ್ಕ 8, 5, 11, 6, 7, 4, 4. ಒಟ್ಟು 45. ಜ್ವಾಲಾಮುಖಿಯ ನುಣ್ಣನೆ ಧೂಳಿನಿಂದ ಬರುವ ಶ್ವಾಸಕೋಶದ ರೋಗ ಎಂದರ್ಥ. 1935ರಲ್ಲಿ ಅಮೆರಿಕದ ಪದಬಂಧಪ್ರಿಯರ ಸಂಘದ ಅಧ್ಯಕ್ಷರು ಉದ್ದಕ್ಕಾಗಿಯೇ ಕಟ್ಟಿದ ಪದ ಇದು, ಆಸ್ಪತ್ರೆಯಲ್ಲಿ ಯಾರೂ ಹೇಳುವುದಿಲ್ಲ. ಕಲ್ಲು ಕುಟ್ಟುವವರಿಗೆ, ಕ್ವಾರಿ ಕೆಲಸದವರಿಗೆ ಸಿಲಿಕಾ ಧೂಳಿನಿಂದ ಬರುವ ನಿಜವಾದ ರೋಗದ ಹೆಸರು ‘ಸಿಲಿಕೋಸಿಸ್’. ಅದು ಮಗಳಿಗೆ ಗೊತ್ತಿರಲಿ.

29 ಅಕ್ಷರದ ‘ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಶನ್’ ಕೂಡ ಹೀಗೇ. ಫ್ಲಾಕ್ಸಿ ಎಂದರೆ ಉಣ್ಣೆಯ ಎಳೆ, ನಾಸಿ ಅತ್ಯಲ್ಪ, ನಿಹಿಲಿ ಶೂನ್ಯ, ಪಿಲಿ ಕೂದಲು. ನಾಲ್ಕೂ ಬೆಲೆಯಿಲ್ಲದ ವಸ್ತುಗಳು. ಒಂದನ್ನು ಬೆಲೆಯಿಲ್ಲದ್ದೆಂದು ಎಣಿಸುವುದು ಎಂದರ್ಥ. ಕನ್ನಡದಲ್ಲಿ ಇದಕ್ಕೆ ‘ತೃಣೀಕರಿಸುವುದು’ ಎಂಬ ಹೇಳಿಮಾಡಿಸಿದ ಮಾತಿದೆ. ಹಾಗೆಂದು ಹೇಳಿಕೊಟ್ಟರೆ ಮಗಳು ಮರೆಯುವುದಿಲ್ಲ.

ಸ್ಪರ್ಧೆಯಲ್ಲಿ ನಿಜಕ್ಕೂ ಸೋಲಿಸುವುದು ಈ ಉದ್ದ ಪದಗಳಲ್ಲ, ಸಾಧಾರಣ ಪದದೊಳಗಿನ ಮಬ್ಬು ಸ್ವರ. ‘ರೆಸಿಡೆನ್ಸ್’ ಪದದ ಕೊನೆಯಲ್ಲಿ ‘ಎ’ಯೋ ‘ಇ’ಯೋ, ‘ಗ್ರಾಮರ್’ ಕೊನೆಯಲ್ಲಿ ‘ಇ-ಆರ್’ ಯಾಕಲ್ಲ ಎಂಬುದು ಕಿವಿಗೆ ತಿಳಿಯುವುದಿಲ್ಲ. ಉಪಾಯ ಇಷ್ಟೆ. ಅದೇ ಕುಟುಂಬದ ಉದ್ದ ಪದ ನೆನೆಸಿಕೊಳ್ಳಬೇಕು, ಅಲ್ಲಿ ಒತ್ತು ಸರಿದು ಸ್ವರ ಸ್ಪಷ್ಟವಾಗುತ್ತದೆ. ‘ರೆಸಿಡೆನ್ಷಿಯಲ್’ ಎನ್ನುವಾಗ ‘ಡೆ’ ಕೇಳಿಸಿತು, ಆದ್ದರಿಂದ ‘ಇ’. ‘ಸಬ್‌ಸ್ಟಾನ್ಷಿಯಲ್’ ಎನ್ನುವಾಗ ‘ಸ್ಟಾ’ ಕೇಳಿಸಿತು, ಆದ್ದರಿಂದ ‘ಸಬ್‌ಸ್ಟೆನ್ಸ್’ಗೆ ‘ಎ’. ‘ಗ್ರಮಾಟಿಕಲ್’ನಿಂದ ‘ಗ್ರಾಮರ್’ನ ‘ಎ’. ‘ಡೆಫಿನಿಟ್’ಗೆ ‘ಫೈನೈಟ್’. ಇನ್ನು ಪದದ ಮೂಲ ಭಾಷೆ ಯಾವುದೆಂದು ಕೇಳುವ ಅವಕಾಶ ಇರುತ್ತದೆ, ತಪ್ಪದೆ ಕೇಳಲು ಹೇಳಿ. ‘ಸಿ-ಎಚ್’ ಗ್ರೀಕ್ ಪದದಲ್ಲಿ ‘ಕ’ ಆಗುತ್ತದೆ (ಕೋರಸ್, ಆರ್ಕೈವ್), ಫ್ರೆಂಚಿನದರಲ್ಲಿ ‘ಶ’ (ಶೋಫರ್, ಕ್ರೋಶೆ), ಅಚ್ಚ ಇಂಗ್ಲಿಷಿನದರಲ್ಲಿ ‘ಚ’ (ಚೈಲ್ಡ್). ‘ನ’ ಎಂದು ಶುರುವಾಗುವ ಗ್ರೀಕ್ ಪದದ ಮುಂದೆ ಒಂದು ಮೂಕ ‘ಪಿ’ ಅಥವಾ ‘ಎಂ’ ಅಡಗಿರಬಹುದು. ನ್ಯುಮೋನಿಯ, ನಿಮಾನಿಕ್ ಹಾಗೆ. ಕೊನೆಗೆ ‘ಅಕಾಮಡೇಶನ್’. ಅದರಲ್ಲಿ ಎರಡು ‘ಸಿ’, ಎರಡು ‘ಎಂ’. ಪೇಯಿಂಗ್ ಗೆಸ್ಟ್ ಬೋರ್ಡುಗಳನ್ನು ನೋಡಿ ಕಲಿಯಬಾರದ ಪದ.

ಪ್ರಶ್ನೆ: ಸಂಘದ ವಾರ್ಷಿಕೋತ್ಸವದ ಸ್ಮರಣ ಸಂಚಿಕೆಗೆ ಇಂಗ್ಲಿಷಿನಲ್ಲಿ ಬರೆಯುತ್ತಿದ್ದೇವೆ. ‘ಫುಲ್‌ಸಮ್ ಟ್ರಿಬ್ಯೂಟ್’, ‘ಮೆರಿಟ್ರಿಶಸ್ ಸ್ಟೂಡೆಂಟ್ಸ್’ ಎಂದು ಬಳಸಬಹುದೇ?
(ಠಾಣೆಯ ಸಂಘವೊಂದರ ಕಾರ್ಯದರ್ಶಿ)

ಉತ್ತರ: ಎರಡನೆಯದನ್ನು ಖಂಡಿತ ಬಳಸಬೇಡಿ. ನಿಮಗೆ ಬೇಕಾದದ್ದು ‘ಮೆರಿಟೋರಿಯಸ್’, ಪ್ರತಿಭಾವಂತ. ‘ಮೆರಿಟ್ರಿಶಸ್’ ಎಂದರೆ ಹೊರಗೆ ಥಳಕು, ಒಳಗೆ ಟೊಳ್ಳು. ಲ್ಯಾಟಿನ್ನಿನಲ್ಲಿ ‘ಮೆರೆಟ್ರಿಕ್ಸ್’ ಎಂದರೆ ವೇಶ್ಯೆ, ಅಲ್ಲಿಂದ ಬಂದ ಪದ. ಹತ್ತನೆಯ ತರಗತಿಯಲ್ಲಿ ಒಳ್ಳೆ ಅಂಕ ತೆಗೆದ ಹುಡುಗಿಯ ಪ್ರಮಾಣಪತ್ರದ ಮೇಲೆ ಅಚ್ಚಾದರೆ ತಿದ್ದಲಾಗದ ಅವಮಾನ. ಕಂಪ್ಯೂಟರಿನ ಸ್ಪೆಲ್‌ಚೆಕ್ ಇದನ್ನು ಹಿಡಿಯುವುದಿಲ್ಲ, ಯಾಕೆಂದರೆ ಸ್ಪೆಲ್ಲಿಂಗ್ ಸರಿಯಾಗಿಯೇ ಇದೆ.

‘ಫುಲ್‌ಸಮ್’ಗೆ ಈಚೆಗೆ ‘ಧಾರಾಳ’ ಎಂಬ ಅರ್ಥವೂ ಬಳಕೆಯಲ್ಲಿದೆ. ಆದರೆ ಭಾಷೆ ಬಲ್ಲ ಓದುಗರಿಗೆ ಅದು ಇನ್ನೂ ಅತಿಯಾದ, ಹೊಗಳುಭಟ್ಟತನದ ಮಾತು. ‘ವಾರ್ಮ್ ಟ್ರಿಬ್ಯೂಟ್’ ಎಂದು ಬರೆದರೆ ಸಾಕು. ಇದೇ ರೀತಿ ಮುಖ ನೋಡಿ ಮೋಸಹೋಗುವ ಇನ್ನೂ ಕೆಲವು ಪದಗಳಿವೆ. ‘ನಾಯ್ಸಮ್’ ಎಂದರೆ ಗದ್ದಲದ್ದಲ್ಲ, ದುರ್ನಾತದ್ದು. ‘ಎನರ್ವೇಟ್’ ಶಕ್ತಿ ತುಂಬುವುದಲ್ಲ, ಶಕ್ತಿ ಹೀರುವುದು. ‘ರೆಸ್ಟಿವ್’ ವಿಶ್ರಾಂತಿಯದ್ದಲ್ಲ, ಹಿಡಿತಕ್ಕೆ ಸಿಗದೆ ಚಡಪಡಿಸುವುದು. ‘ಎನಾರ್ಮಿಟಿ’ಯನ್ನು ಬರೀ ದೊಡ್ಡದಕ್ಕೆ ಬಳಸದಿರುವುದು ಲೇಸು, ಅದು ಘೋರ ಕೃತ್ಯಕ್ಕೆ ಹೇಳುವ ಮಾತು. ‘ಕಂಡೋಲ್’ ಎಂದರೆ ಮೃತರ ಮನೆಯವರ ‘ಜೊತೆ’ ದುಃಖಿಸುವುದು, ಆದ್ದರಿಂದ ಅದರ ಮುಂದೆ ‘ವಿತ್’ ಹಾಕಿ.

ಪ್ರಶ್ನೆ: ಮೊದಲ ಮಳೆಯ ವಾಸನೆಗೆ ‘ಪೆಟ್ರಿಕೋರ್’ ಎನ್ನುತ್ತಾರಂತೆ. ಜುಲೈ ಮಳೆಗೂ ಹಾಗೆನ್ನಬಹುದೇ?
(ಬೊರಿವಲಿಯ ಕಾಲೇಜು ವಿದ್ಯಾರ್ಥಿನಿ)

ಉತ್ತರ: ಜುಲೈ ಮಳೆಗೆ ಒಪ್ಪುವುದಿಲ್ಲ. ಪೆಟ್ರಿಕೋರ್ ಬರಲು ನೆಲ ಬಹುಕಾಲ ಒಣಗಿರಬೇಕು. ಒಣ ದಿನಗಳಲ್ಲಿ ಗಿಡಮರಗಳಿಂದ ಬಂದ ಎಣ್ಣೆಯಂಶ ಕಲ್ಲು ಮಣ್ಣುಗಳಲ್ಲಿ ಸೇರಿಕೊಳ್ಳುತ್ತದೆ. ಗಾಳಿಯಲ್ಲಿ ತೇವ ಏರಿದಾಗ, ಮೊದಲ ಹನಿ ಬಿದ್ದಾಗ ಅದು ಹೊರಬರುತ್ತದೆ. ಮಣ್ಣಿನ ಬ್ಯಾಕ್ಟೀರಿಯಗಳು ತಯಾರಿಸುವ ‘ಜಿಯೋಸ್ಮಿನ್’ ಎಂಬ ವಸ್ತುವೂ ಅದಕ್ಕೆ ಕೂಡುತ್ತದೆ. ಮುಂಬಯಿಗೆ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 11. ಅದರ ಹಿಂದುಮುಂದಿನ ಕೆಲವು ದಿನಗಳೇ ಈ ಪದದ ಕಾಲ, ಅದೂ ಮಣ್ಣು ಉಳಿದಿರುವ ಕಡೆ. 1964ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಆಸ್ಟ್ರೇಲಿಯದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಈ ಪದ ಕೊಟ್ಟರು. ಗ್ರೀಕಿನ ಕಲ್ಲು ಮತ್ತು ‘ಐಕೋರ್’, ಅಂದರೆ ದೇವತೆಗಳ ಮೈಯಲ್ಲಿ ಹರಿಯುವ ರಕ್ತ, ಎರಡನ್ನೂ ಸೇರಿಸಿದ್ದು. ಅದಕ್ಕೂ ಮೊದಲೇ ಉತ್ತರ ಪ್ರದೇಶದ ಕನೌಜಿನವರು ಈ ವಾಸನೆಯನ್ನು ಮಿಟ್ಟಿ ಅತ್ತರ್ ಆಗಿ ಶೀಶೆಗಿಳಿಸಿ ಮಾರುತ್ತಿದ್ದರು.

ಪ್ರಶ್ನೆ: ಪೋರ್ಚುಗೀಸರ ಮೂಲಕ ಇಂಗ್ಲಿಷಿಗೆ ಹೋದ ನಮ್ಮ ಕಡೆಯ ಪದಗಳು ಯಾವುವು?
(ಮಡಗಾಂವ್)

ಉತ್ತರ: ಅಂಗಳದಲ್ಲೇ ಸಿಗುತ್ತವೆ. ‘ಅರೀಕಾ’ ನಮ್ಮ ಅಡಿಕೆಯ ಬೇರಿನದು, ‘ಕೋಪ್ರಾ’ ಕೊಬ್ಬರಿಯದು, ‘ಟೀಕ್’ ತೇಗದ್ದು, ‘ಮ್ಯಾಂಗೋ’ ಮಾವಿನದು. ಪೋರ್ಚುಗೀಸರು ಇವನ್ನು ಹೆಚ್ಚಾಗಿ ಮಲಯಾಳದಿಂದ ಎತ್ತಿಕೊಂಡರು. ‘ಜ್ಯಾಕ್‌ಫ್ರೂಟ್’ ಮಲಯಾಳದ ‘ಚಕ್ಕ’, ಆ ಪದಕ್ಕೂ ನಮ್ಮ ‘ಹಲಸು’ ಎಂಬ ಪದಕ್ಕೂ ನಂಟಿಲ್ಲ. ಎದುರು ದಿಕ್ಕಿನಲ್ಲಿ ನಮಗೂ ಬಂದಿವೆ: ಪಾದ್ರಿ, ಬಟಾಟೆ, ಚಾವಿ, ಮತ್ತು ಮುಂಬಯಿ ಕನ್ನಡಿಗರು ತಿಂಗಳ ಕೊನೆಗೆ ಕಾಯುವ ‘ಪಗಾರ’. ಪೋರ್ಚುಗೀಸಿನಲ್ಲಿ ‘ಪಗಾರ್’ ಎಂದರೆ ಹಣ ಕೊಡುವುದು.

ಇನ್ನು ಚುಟುಕಾಗಿ ಕೆಲವು.

ವಾಶಿಯ ಸಾರಿಗೆ ವ್ಯಾಪಾರಿಯೊಬ್ಬರು ‘ಡಿಮರೇಜ್’ ಮತ್ತು ‘ವಾರ್ಫೇಜ್’ ಬೇರೆಯೇ ಎಂದು ಕೇಳಿದ್ದಾರೆ. ರೈಲ್ವೆಯಲ್ಲಿ ಬೇರೆಯೇ. ವ್ಯಾಗನ್ನನ್ನು ಅವಧಿ ಮೀರಿ ತಡೆದರೆ ಡಿಮರೇಜ್, ಇಳಿಸಿದ ಸರಕನ್ನು ರೈಲ್ವೆ ಜಾಗದಿಂದ ಅವಧಿಯೊಳಗೆ ಎತ್ತದಿದ್ದರೆ ವಾರ್ಫೇಜ್. ‘ಡಿಮರ್’ ಎಂದರೆ ತಡೆಯುವುದು, ತಕರಾರು ತೆಗೆಯುವುದು. ಬ್ಯಾಂಕ್ ಗ್ಯಾರಂಟಿಯಲ್ಲಿ ‘ವಿತೌಟ್ ಡಿಮರ್’ ಎಂದಿದ್ದರೆ ಕೇಳಿದ ಕೂಡಲೇ ಚಕಾರವೆತ್ತದೆ ಹಣ ಕೊಡಬೇಕು ಎಂದು. ಆ ಎರಡು ಪದ ಓದದೆ ಸಹಿ ಮಾಡಬೇಡಿ.

‘ಹೈಲಿ ಇನ್‌ಫ್ಲೇಮಬಲ್’ ಎಂದು ಟ್ಯಾಂಕರಿನ ಹಿಂದೆ ಬರೆದಿರುತ್ತದೆ, ‘ಇನ್’ ಬಂದರೆ ‘ಉರಿಯದ’ ಎಂದಲ್ಲವೇ ಎನ್ನುತ್ತಾರೆ ಪನ್ವೇಲಿನ ಓದುಗರು. ಅಲ್ಲ. ಇಲ್ಲಿ ‘ಇನ್’ ನಕಾರವಲ್ಲ, ಹೊತ್ತಿಸು ಎಂಬ ಲ್ಯಾಟಿನ್ ಕ್ರಿಯಾಪದದ ಭಾಗ. ‘ಫ್ಲೇಮಬಲ್’ ಎಂದರೂ ಅದೇ, ಬೇಗ ಹೊತ್ತಿಕೊಳ್ಳುವಂಥದ್ದು. ಉರಿಯದ್ದಕ್ಕೆ ‘ನಾನ್-ಫ್ಲೇಮಬಲ್’. ಈ ಗೊಂದಲ ಪ್ರಾಣಕ್ಕೆ ಸಂಚಕಾರವಾಗುವುದರಿಂದ ಗೋದಾಮಿನ ಬೋರ್ಡು ಬರೆಸುವವರು ‘ಫ್ಲೇಮಬಲ್’ ಎಂದೇ ಬರೆಸಿ.

‘ಆಕ್ಟ್ರಾಯ್’ ಫ್ರೆಂಚಿನ ಪದ, ಅನುಮತಿ ಕೊಡುವುದು ಎಂಬ ಮೂಲದ್ದು. ಊರೊಳಗೆ ಬರುವ ಸರಕಿನ ಮೇಲಿನ ಸುಂಕ, ಮರಾಠಿಯಲ್ಲಿ ಜಕಾತ್. ಮುಂಬಯಿಯಲ್ಲಿ 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ನಿಂತುಹೋಯಿತು, ನಾಕಾದ ಹೆಸರುಗಳು ಮಾತ್ರ ಉಳಿದಿವೆ.

ಪ್ಲಂಬರ್ ‘ಫೆರೂಲ್’ ಎಂದದ್ದು ಏನು ಎಂದು ಓದುಗರೊಬ್ಬರು ಕೇಳಿದ್ದಾರೆ. ಆ ಪದವನ್ನು ಕೊಡೆಯ ತುದಿಯ ಲೋಹದ ಟೊಪ್ಪಿಗೆಗೂ ಹೇಳುತ್ತಾರೆ, ರಸ್ತೆಯ ನೀರಿನ ಕೊಳವೆಯಿಂದ ಕಟ್ಟಡಕ್ಕೆ ಸಂಪರ್ಕ ಎಳೆಯುವ ಜೋಡಣೆಗೂ ಹೇಳುತ್ತಾರೆ. ಪ್ಲಂಬರ್ ಹೇಳಿದ್ದು ಎರಡನೆಯದು.

ಕಡೆಯದಾಗಿ, ‘ಸ್ಟೆಪ್ನಿ’ ಇಂಗ್ಲಿಷ್ ಪದವೇ ಎಂದು ಕೇಳಿದ ಅಂಧೇರಿಯ ಟ್ಯಾಕ್ಸಿ ಚಾಲಕರಿಗೆ. ಹೌದು, ಊರ ಬೀದಿಯೊಂದರ ಹೆಸರು. ವೇಲ್ಸಿನ ಲನೆಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ 20ನೇ ಶತಮಾನದ ಮೊದಲ ದಶಕದಲ್ಲಿ, ಟೈರು ಪಂಕ್ಚರ್ ಆದ ಚಕ್ರಕ್ಕೆ ಹೊರಗಿನಿಂದ ಬಿಗಿಯುವ, ಅರೆಕಾಲುಗಳಿಲ್ಲದ ಹೆಚ್ಚುವರಿ ಚಕ್ರ ತಯಾರಾಗುತ್ತಿತ್ತು. ಆ ಹೆಸರು ಅಲ್ಲಿ ಬಳಕೆ ತಪ್ಪಿತು, ನಮ್ಮಲ್ಲಿ ಉಳಿಯಿತು. ವಿದೇಶದ ಪ್ರಯಾಣಿಕರು ನಿಮ್ಮ ಗಾಡಿಯಲ್ಲಿದ್ದಾಗ ‘ಸ್ಪೇರ್ ವೀಲ್’ ಎನ್ನಿ, ಗ್ಯಾರೇಜಿನಲ್ಲಿ ಸ್ಟೆಪ್ನಿ ಎಂದೇ ಕೇಳಿ.